ಮೈನಸ್ ಹಾಲು

ದೇವಿ ಎಂದು ಟೈಪ್ ಮಾಡಿದೆ. ಯಾರೋ ಆಗಲೇ ಕೂತಿದ್ದರು.
ದೇವಿ ಒಂದು ಎರಡು ಮೂರು: ಅಲ್ಲೂ ಜನ.
ದೇವಿ ಮಂಡ್ಯ: ಅವಳೂ ಇದ್ದಾಳಂತೆ, ಯಾರೋ ಏನೋ.
ಕಾಲೇಜು ಸೇರಿದ ದಿನವೇ ಮಡಚಿ ಒಳಗಿಟ್ಟಿದ್ದ
ಅಜ್ಜಿಯ ಹೆಸರನ್ನು ಪೂರಾ ಬಿಡಿಸಿ ಹೊಡೆದೆ:
ದೇವೀರಮ್ಮ.
ಬೆಳಗಿನ ರೈಲಿನಲ್ಲಿ ಎಂದೂ ಸಿಗದ
ಕಿಟಕಿ ಪಕ್ಕದ ಸೀಟು ಇಲ್ಲಿ ಸಿಕ್ಕಿತು,
ಇಡೀ ಭೂಮಂಡಲದಲ್ಲಿ ಖಾಲಿ.

ಫೋಟೋ ಬೇಕೆಂದಿತು. ನೂರಡಿ ರಸ್ತೆಯ ಸ್ಟುಡಿಯೋದವನು
ನೀಲಿ ಪರದೆ ಎಳೆದು, ‘ಪಾಸ್‌ಪೋರ್ಟಿಗಾ, ಗಂಡಿನ ಕಡೆಯವ್ರಿಗಾ?’
ಕೋಡ್ ಬರೆಯೋ ಕೆಲಸಕ್ಕೆ ಎಂದೆ.
ಸ್ವಲ್ಪ ಯೋಚಿಸಿ, ‘ಹಂಗಾರೆ ನಗಬೇಡಿ’ ಅಂದ.

ಅನುಭವ ಎಂಬ ಕಡೆ
ಪೇಟೆ ಬೀದಿ ಗೊಬ್ಬರದಂಗಡಿ, ಬಿಲ್ಲಿಂಗ್ ಎಂದು ಬರೆದು ಅಳಿಸಿದೆ.
‘ಮಾಡಿದ್ದನ್ನು ಅಂಕಿಯಲ್ಲಿ ಹೇಳಿ’ ಎನ್ನುತ್ತಾನೆ
ಇದನ್ನೆಲ್ಲ ಕಲಿಸುವ ವಿಡಿಯೋದ ಹುಡುಗ.
ಅವನ ಬೆನ್ನ ಹಿಂದೆ ಒಂದು ಗಿಟಾರ್, ಒಂದು ಗಿಡ.
ಶೇಕಡಾ ನಲವತ್ತು ಏರಿಸಿದೆ, ಅರವತ್ತು ಇಳಿಸಿದೆ, ಹೀಗೆ.
ನಾನು ಏರಿಸಿದ್ದೇನು?

ನಮ್ಮೂರ ಡೈರಿಯ ಸೆಕ್ರೆಟರಿ ಮರಿಲಿಂಗಣ್ಣ ಕೇಳಿದ್ದಕ್ಕೆ
ಬರೆದುಕೊಟ್ಟಿದ್ದೆ ಒಂದು ಲೆಕ್ಕದ ಪ್ರೋಗ್ರಾಮು.
ಹಳೆಯದು ಫ್ಯಾಟು ನೋಡಿ, ರೇಟು ಗುಣಿಸಿ,
ರೂಪಾಯಿಯ ಬಾಲಕ್ಕೆ ಉಳಿದ ಪೈಸೆಯನ್ನು
ಕತ್ತರಿಸಿ ಎಸೆಯುತ್ತಿತ್ತು,
ದಿನಕ್ಕೆ ಎರಡು ಹೊತ್ತು, ನೂರಾ ಎಂಬತ್ತು ಮನೆ.
ನಾನು ಪೈಸೆಯನ್ನು ಉಳಿಸಿದೆ. ಅಷ್ಟೆ.
ಬಟವಾಡೆ ದಿನ ಕೆಂಪಾಜಮ್ಮ ಚೀಟಿ ತಿರುಗಿಸಿ ಮುರುಗಿಸಿ ನೋಡಿ
‘ಹದಿನಾಲ್ಕು ರೂಪಾಯಿ ಜಾಸ್ತಿ ಬಂದದೆ ಕಣವ್ವ,
ವಾಪಸ್ ಕೊಡಬೇಕಾ?’ ಅಂದಳು.

ಅದನ್ನೇ ಎಲ್ಲರಿಗೂ ಕಾಣುವಂತೆ ಇಟ್ಟೆ.

ದಿನಕ್ಕೊಂದು ಚೌಕ ಅಲ್ಲಿ. ಬರೆದ ದಿನ ಹಸಿರು,
ಬರೆಯದ ದಿನ ಬೂದು.
ತಂಗಿಯ ಬಾಣಂತನದ ಮೂರು ತಿಂಗಳು
ನಾಲೆ ನೀರು ಹತ್ತದ ಗದ್ದೆಯ ಹಾಗೆ.
ನಾಚಿಕೆಯಾಗಿ, ಒಂದು ರಾತ್ರಿ
ಎರಡು ಪದಗಳ ನಡುವೆ ಒಂದು ಸ್ಪೇಸ್ ಸೇರಿಸಿದೆ.
ಮರುರಾತ್ರಿ ಅದನ್ನೇ ತೆಗೆದೆ.
ಎರಡು ಚೌಕ ಹಸಿರಾದವು.
ಹಾಲಿಗೆ ನೀರು ಬೆರೆಸುವವರನ್ನು
ನಾನಿನ್ನು ಬಯ್ಯುವ ಹಾಗಿಲ್ಲ.

ಪುಣೆಯಿಂದ ಒಬ್ಬಾತ ಬರೆದ: ನೋಡಿದೆ, ಮಾತಾಡೋಣ.
ಅಂಗಡಿಗೆ ಹೊಟ್ಟೆನೋವೆಂದು ಹೇಳಿ, ಬಾಗಿಲು ಹಾಕಿ ಕೂತೆ.
ಹೊರಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು
ಹೋಗಿ ಮುಗಿಯುವ ತನಕ ಅವನೂ ಕಾದ.
ಪೈಸೆಯ ಕಥೆ ಹೇಳಿದೆ, ಕೆಂಪಾಜಮ್ಮನನ್ನು ಬಿಟ್ಟು.
ನಲವತ್ತೊಂದನೇ ಸಾಲಿಗೆ ಬಂದು ನಿಂತ ಆತ
‘ಇಲ್ಲಿಗೆ ಮೈನಸ್ ಸಂಖ್ಯೆ ಬಂದರೆ?’ ಎಂದ.
ಮೈನಸ್ ಹಾಲು ಯಾವ ಹಸು ಕೊಡುತ್ತೆ ಸಾರ್,
ನನಗೆ ಬರುವ ಇಂಗ್ಲಿಷಿನಲ್ಲೇ ಕೇಳಿದೆ.
ಇಬ್ಬರೂ ನಕ್ಕೆವು. ತಿಳಿಸುತ್ತೇವೆ ಎಂದ.

ರಾತ್ರಿ ಹನ್ನೊಂದಕ್ಕೆ ಸೊಳ್ಳೆಪರದೆಯೊಳಗೆ ನೆನಪಾಯಿತು.
ಶಿವರಾತ್ರಿ ಕಳೆದ ವಾರ ಕರೆಂಟು ಹೋಗಿ, ಕೂಲರು ನಿಂತು,
ಕ್ಯಾನುಗಟ್ಟಲೆ ಹಾಲು ಒಡೆದಿತ್ತಲ್ಲ,
ಆ ನಷ್ಟ ಮನೆಮನೆಗೆ ಹಂಚಿ ಹಿಡಿದುಕೊಂಡರಲ್ಲ,
ಅದೇ ಮೈನಸ್ ಹಾಲು.
ಕೊಡುವಾಗ ಕೆಳಕ್ಕಿಳಿಸು ಎಂದು ಬರೆದ ನನ್ನ ಸಾಲು
ಹಿಡಿಯುವಾಗಲೂ ಕೆಳಕ್ಕೇ ಇಳಿದು
ಒಂದೊಂದು ಮನೆಯಿಂದ ಒಂದೊಂದು ಪೈಸೆ
ಹೆಚ್ಚಿಗೆ ಕಿತ್ತಿದೆ.
ಹಳೆಯ ಪ್ರೋಗ್ರಾಮಲ್ಲ, ನನ್ನದು.
ಹೆಸರು ಸಮೇತ, ನಗದ ಫೋಟೋ ಸಮೇತ.

ಎದ್ದು ಆ ಸಾಲು ತಿದ್ದಿದೆ.
ಏನು ಬದಲಾಯಿತು ಎಂದು ಕೇಳುವ ಪೆಟ್ಟಿಗೆಯಲ್ಲಿ
ಇಂಗ್ಲಿಷು ಹುಡುಕುತ್ತ ಕೂರಲಿಲ್ಲ:
ಒಂದು ಪೈಸೆ ತಪ್ಪಾಗಿತ್ತು. ದೇವೀರಮ್ಮ.

ಪುಣೆಯಿಂದ ಇನ್ನೂ ಏನೂ ಬಂದಿಲ್ಲ.
ಗುರುವಾರದ ಚೌಕ ತೆಳು ಹಸಿರು,
ಹೆಚ್ಚೇನಲ್ಲ, ಆಗತಾನೆ ನಾಟಿಯಾದ ಪೈರಿನಷ್ಟು.
ಬೆಳಿಗ್ಗೆ ಡೈರಿ ಬಾಗಿಲು ತೆಗೆಯುವ ಮೊದಲೇ
ಮರಿಲಿಂಗಣ್ಣನಿಗೆ ಫೋನ್ ಮಾಡಬೇಕು:
ಒಟ್ಟು ನೂರಾ ಎಂಬತ್ತು ಪೈಸೆ,
ಯಾರ್ಯಾರ ಚೀಟಿಗೆ ಹೇಗೆ ಸೇರಿಸ್ತೀರಿ ಅಂತ.